ಸರ್ಕಾರಿ ಟೆಂಡರ್‌ನಲ್ಲಿ ಸಣ್ಣ ಉದ್ಯಮದ ಪಾಲು: ಕೇಳಿ ಪಡೆಯೋದು ಹೇಗೆ?

ನಮ್ಮದು ಶೀಟ್ ಮೆಟಲ್ ವರ್ಕ್‌ಶಾಪ್. ಕಬ್ಬಿಣದ ರ‍್ಯಾಕು, ಸ್ಟೂಲು, ಮೆಷಿನ್‌ಗೆ ಹಾಕುವ ಕವರು, ಇಂಥವನ್ನು ಮಾಡುತ್ತೇವೆ. ಮೊದಲ ಸಲ ಒಂದು ಸರ್ಕಾರಿ ಕಂಪನಿಯ ಬಿಡ್‌ಗೆ ರೇಟ್ ಹಾಕಿದಾಗ, ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ ಕಟ್ಟಿಲ್ಲ ಅಂತ ನಮ್ಮ ಬಿಡ್ ಬಿದ್ದುಹೋಯಿತು. ಸಣ್ಣ ಉದ್ಯಮಕ್ಕೆ ಇಎಂಡಿ ಬೇಕಿಲ್ಲ ಅಲ್ವಾ ಅಂತ ಖರೀದಿ ವಿಭಾಗಕ್ಕೆ ಫೋನ್ ಮಾಡಿದೆ.

"ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಒಂದ್ಸಲ ತೆಗೆದು ನೋಡಿ ಸಾರ್. ಮುಖ್ಯ ಚಟುವಟಿಕೆ ಟ್ರೇಡಿಂಗ್ ಅಂತಿದೆ" ಅಂದರು ಅಲ್ಲಿನವರು.

ಉದ್ಯಮ್ ಅಂದರೆ ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ. ಸರ್ಟಿಫಿಕೇಟ್ ತೆಗೆದು ನೋಡಿದೆ. ಹೌದು, ಹಾಗೇ ಇತ್ತು. ಹದಿನೈದು ವರ್ಷದಿಂದ ತಗಡು ಕತ್ತರಿಸಿ, ಮಡಚಿ, ವೆಲ್ಡ್ ಮಾಡುತ್ತಿರುವ ನಾವು ಕಾಗದದ ಮೇಲೆ ಬರೀ ವ್ಯಾಪಾರಿಗಳಾಗಿದ್ದೆವು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವಾಗ ಆ ಒಂದು ಸಾಲನ್ನು ನಾನು ಓದಿರಲಿಲ್ಲ.

ಅವತ್ತಿನಿಂದ ನಿಯಮಗಳನ್ನು ಕೂತು ಓದಿದ್ದೇನೆ. ಸಣ್ಣ ಉದ್ಯಮದವರ ಪರವಾಗಿ ಕಾನೂನಿನಲ್ಲಿ ಸಾಕಷ್ಟಿದೆ. ಆದರೆ ಅದು ತಾನಾಗಿ ನಮ್ಮ ಬಾಗಿಲಿಗೆ ಬರುವುದಿಲ್ಲ. ಸರಿಯಾದ ಕಾಗದ ಇಟ್ಟು, ಸರಿಯಾದ ಜಾಗದಲ್ಲಿ ಟಿಕ್ ಮಾಡಿ, ನಾವೇ ಕೇಳಬೇಕು. ನನ್ನ ಹಾಗೆ ಆರ್ಡರ್ ಕಳೆದುಕೊಳ್ಳುವವರು ಇನ್ನೊಬ್ಬರು ಇರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಯಮ ಏನು ಹೇಳುತ್ತದೆ ಅಂತ ತಿಳಿಯಿರಿ

ಕೇಂದ್ರ ಸರ್ಕಾರ 2012ರಲ್ಲಿ ಕಿರು ಮತ್ತು ಸಣ್ಣ ಉದ್ಯಮಗಳಿಗಾಗಿ ಸಾರ್ವಜನಿಕ ಖರೀದಿ ನೀತಿಯ ಆದೇಶ ಹೊರಡಿಸಿತು. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಅಡಿಯಲ್ಲಿ ಬಂದ ಆದೇಶ ಇದು. ಕೇಂದ್ರದ ಮಂತ್ರಾಲಯ, ಇಲಾಖೆ, ಕೇಂದ್ರದ ಸಾರ್ವಜನಿಕ ಉದ್ಯಮಗಳು ಒಂದು ವರ್ಷದಲ್ಲಿ ಕೊಳ್ಳುವ ಸರಕು ಮತ್ತು ಸೇವೆಯಲ್ಲಿ ಒಂದು ಪಾಲನ್ನು ನಮ್ಮಂಥವರಿಂದ ಕೊಳ್ಳಲೇಬೇಕು. ಮೊದಲು ಅದು ಶೇ 20 ಇತ್ತು. 2018ರ ತಿದ್ದುಪಡಿಯಿಂದ ಶೇ 25 ಆಯಿತು. ಆ 25ರ ಒಳಗೇ ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ, ಶೇ 3 ಮಹಿಳೆಯರ ಉದ್ಯಮಗಳಿಗೆ.

ಎಚ್‌ಎಎಲ್, ಬಿಇಎಲ್, ಬೆಮೆಲ್, ಮಂಗಳೂರಿನ ಎಂಆರ್‌ಪಿಎಲ್, ಹುಬ್ಬಳ್ಳಿಯ ನೈಋತ್ಯ ರೈಲ್ವೆ, ಯಲಹಂಕದ ರೈಲು ಗಾಲಿ ಕಾರ್ಖಾನೆ, ಇವೆಲ್ಲ ಈ ನೀತಿಯ ವ್ಯಾಪ್ತಿಗೆ ಬರುತ್ತವೆ. ನಮ್ಮ ರಾಜ್ಯದಲ್ಲೇ ಇಷ್ಟು ದೊಡ್ಡ ಕೊಳ್ಳುಗರಿರುವುದು ನಮ್ಮ ಅದೃಷ್ಟ.

ಇಲ್ಲಿ ಮೂರು ವಿಷಯದಲ್ಲಿ ಜನ ಎಡವುತ್ತಾರೆ. ಒಂದು, ಈ ಲಾಭ ಕಿರು ಮತ್ತು ಸಣ್ಣ ಉದ್ಯಮಕ್ಕೆ ಮಾತ್ರ, ಮಧ್ಯಮ ಉದ್ಯಮಕ್ಕಿಲ್ಲ. ಎರಡು, ತಾವೇ ಮಾಡಿದ ಸರಕು ಅಥವಾ ತಾವೇ ಕೊಡುವ ಸೇವೆಗೆ ಮಾತ್ರ. ಬೇರೆಯವರಿಂದ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. 2021ರ ಜುಲೈಯಿಂದ ಸಗಟು, ಚಿಲ್ಲರೆ ವ್ಯಾಪಾರಿಗಳೂ ಉದ್ಯಮ್ ನೋಂದಣಿ ಮಾಡಿಸಬಹುದು. ಆದರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ. ಮೂರು, ಕಟ್ಟಡ, ರಸ್ತೆಯಂಥ ಕಾಮಗಾರಿ ಗುತ್ತಿಗೆಗೆ ಈ ನೀತಿ ಅನ್ವಯಿಸುವುದಿಲ್ಲ.

ಹಂತ 1: ಉದ್ಯಮ್ ಸರ್ಟಿಫಿಕೇಟ್ ಸಾಲು ಸಾಲಾಗಿ ಓದಿ

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಶುರುವಾಯಿತು. ಆಧಾರ್, ಪ್ಯಾನ್ ಮತ್ತು ಜಿಎಸ್‌ಟಿ ಇದ್ದವರಿಗೆ ಆ ನಂಬರು ಇದ್ದರೆ ಸಾಕು. ಸರ್ಕಾರದ ವೆಬ್‌ಸೈಟ್‌ನಲ್ಲಿ ಇದು ಪೂರ್ತಿ ಪುಕ್ಕಟೆ. ಇದನ್ನೇ ಹೋಲುವ ಹೆಸರಿಟ್ಟುಕೊಂಡು ದುಡ್ಡು ಕೇಳುವ ಖಾಸಗಿ ಸೈಟುಗಳಿವೆ, ಹುಷಾರು. ವಿಳಾಸದ ಕೊನೆಯಲ್ಲಿ ಸರ್ಕಾರಿ ಸೈಟಿನ ಗುರುತಾದ 'ಜಿಒವಿ ಡಾಟ್ ಇನ್' ಇದೆಯಾ ಅಂತ ನೋಡಿಯೇ ಮುಂದೆ ಹೋಗಿ.

2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ. ಯಂತ್ರ, ಸಲಕರಣೆ ಮೇಲಿನ ಹೂಡಿಕೆ 2.5 ಕೋಟಿ ರೂಪಾಯಿ ಮತ್ತು ವಹಿವಾಟು 10 ಕೋಟಿ ಮೀರದಿದ್ದರೆ ಕಿರು ಉದ್ಯಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಯವರೆಗೆ ಸಣ್ಣ ಉದ್ಯಮ. ಎರಡರಲ್ಲಿ ಯಾವುದೊಂದು ಮೀರಿದರೂ ಮೇಲಿನ ವರ್ಗಕ್ಕೆ ಹೋಗುತ್ತೀರಿ. ಹಾಗೆ ಬೆಳೆದು ಮಧ್ಯಮ ಉದ್ಯಮವಾದರೂ ಗಾಬರಿ ಬೇಡ. 2022ರ ಅಕ್ಟೋಬರ್‌ನ ಅಧಿಸೂಚನೆ ಪ್ರಕಾರ ತೆರಿಗೆಗೆ ಸಂಬಂಧಿಸದ ಲಾಭಗಳು ಇನ್ನೂ ಮೂರು ವರ್ಷ ಸಿಗುತ್ತವೆ. ಖರೀದಿ ಆದ್ಯತೆಯೂ ಅದರಲ್ಲಿ ಸೇರಿದೆ.

ಈಗ ನಿಮ್ಮ ಸರ್ಟಿಫಿಕೇಟ್ ಕೈಗೆ ತಗೊಳ್ಳಿ. ಉದ್ಯಮದ ಹೆಸರು ಪ್ಯಾನ್‌ನಲ್ಲಿರುವ ಹಾಗೇ ಇದೆಯಾ? ಮುಖ್ಯ ಚಟುವಟಿಕೆ ಉತ್ಪಾದನೆ ಅಥವಾ ಸೇವೆ ಅಂತಿದೆಯಾ? ಅದರ ಕೆಳಗೆ ಎನ್‌ಐಸಿ ಕೋಡ್‌ಗಳ, ಅಂದರೆ ಯಾವ ಬಗೆಯ ಕೆಲಸ ಅಂತ ಹೇಳುವ ಸಂಖ್ಯೆಗಳ ಪಟ್ಟಿ ಇರುತ್ತದೆ. ನೀವು ಮಾಡುವ ಕೆಲಸ ಆ ಕೋಡ್‌ಗಳಲ್ಲಿ ಬರುತ್ತದಾ? ರ‍್ಯಾಕು ಮಾಡುವವರ ಸರ್ಟಿಫಿಕೇಟ್‌ನಲ್ಲಿ ಬರೀ ರಿಪೇರಿ ಸೇವೆಯ ಕೋಡ್ ಇದ್ದರೆ, ಬಿಡ್ ಪರಿಶೀಲಿಸುವವರು ಅಲ್ಲೇ ನಿಲ್ಲಿಸುತ್ತಾರೆ. ಮಾಲೀಕರ ಲಿಂಗ ಮತ್ತು ಸಾಮಾಜಿಕ ವರ್ಗದ ಕಾಲಂ ಕೂಡ ಸರಿ ಇರಲಿ. ಶೇ 4 ಮತ್ತು ಶೇ 3ರ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಪಾಲುದಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಆ ವರ್ಗದವರ ಪಾಲು ಕನಿಷ್ಠ ಶೇ 51 ಇರಬೇಕು.

ತಪ್ಪಿದ್ದರೆ ಅದೇ ಸೈಟಿನಲ್ಲಿ ತಿದ್ದುಪಡಿ ಮಾಡಬಹುದು, ಅದಕ್ಕೂ ದುಡ್ಡಿಲ್ಲ. ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಒಂದೇ ಮಾತು ನೆನಪಿಡಿ: ಬಿಡ್ ಹಾಕುವ ಮೊದಲೇ ಇದು ಮುಗಿದಿರಬೇಕು. ಆರ್ಡರ್ ಬಂದ ಮೇಲೆ ನೋಂದಣಿ ಮಾಡಿಸಿದರೆ ದುಡ್ಡು ವಸೂಲಿಯ ಹಂತದಲ್ಲೂ ತಕರಾರು ಬರುತ್ತದೆ.

ಹಂತ 2: ನಿಮ್ಮ ಸರಕು 358ರ ಪಟ್ಟಿಯಲ್ಲಿದೆಯಾ?

ಈ ಪಟ್ಟಿ ಇರೋದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಒಟ್ಟು 358 ವಸ್ತುಗಳನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾತ್ರ ಕೊಳ್ಳಬೇಕು ಅಂತ ಮೀಸಲಿಟ್ಟಿದ್ದಾರೆ. ಪೊರಕೆ, ಬ್ರಷ್, ಬಕೆಟ್, ಬೋಲ್ಟು-ನಟ್ಟು, ಮುಳ್ಳುತಂತಿ, ಬೂಟು, ಚರ್ಮ ಮತ್ತು ಕ್ಯಾನ್ವಾಸ್ ಚೀಲ, ಸ್ಟೀಲ್ ಬೀರು, ಸ್ಟೀಲ್ ರ‍್ಯಾಕ್, ಸ್ಟೂಲು, ಟ್ರಂಕು, ಹೀಗೆ ದಿನಬಳಕೆಯವೇ ಜಾಸ್ತಿ. ಇವುಗಳ ಟೆಂಡರ್‌ನಲ್ಲಿ ದೊಡ್ಡ ಕಂಪನಿ ನಿಮ್ಮ ಎದುರಿಗೆ ನಿಲ್ಲುವ ಹಾಗಿಲ್ಲ. ಪೈಪೋಟಿ ನಿಮ್ಮಷ್ಟೇ ಗಾತ್ರದವರ ಜೊತೆ ಮಾತ್ರ.

ಪಟ್ಟಿಯನ್ನು ಡೌನ್‌ಲೋಡ್ ಮಾಡಿ, ನಿಮ್ಮ ಸರಕಿನ ಮುಂದೆ ಗೆರೆ ಹಾಕಿ ಇಟ್ಟುಕೊಳ್ಳಿ. ಮೀಸಲು ಸರಕಿಗೆ ಯಾರಾದರೂ ಎಲ್ಲರಿಗೂ ತೆರೆದ ಟೆಂಡರ್ ಕರೆದಿದ್ದರೆ, ಪಟ್ಟಿಯ ಕ್ರಮಸಂಖ್ಯೆ ಹಾಕಿ ಬರವಣಿಗೆಯಲ್ಲಿ ಕೇಳಿ. ಸಂಖ್ಯೆ ಹಾಕಿ ಕೇಳಿದ ಪತ್ರವನ್ನು ಪಕ್ಕಕ್ಕಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಇನ್ನೊಂದು ಕೆಲಸ. ಈ ನೀತಿಯ ಪ್ರಕಾರ ಪ್ರತಿ ಇಲಾಖೆ, ಪ್ರತಿ ಕೇಂದ್ರ ಸಾರ್ವಜನಿಕ ಉದ್ಯಮ ಸಣ್ಣ ಉದ್ಯಮಗಳಿಂದ ಆ ವರ್ಷ ಏನೇನು ಕೊಳ್ಳಬೇಕೆಂದಿದೆ ಅನ್ನೋ ಯೋಜನೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಟೆಂಡರ್ ಬಂದ ಮೇಲೆ ಓಡುವುದಕ್ಕಿಂತ ಮೊದಲೇ ಇದನ್ನು ನೋಡಿದರೆ ಅಚ್ಚು, ಕಚ್ಚಾ ಮಾಲು, ಟೆಸ್ಟ್ ರಿಪೋರ್ಟ್ ಎಲ್ಲ ಹೊಂದಿಸಿಕೊಳ್ಳೋಕೆ ಸಮಯ ಸಿಗುತ್ತದೆ.

ಹಂತ 3: ಜೆಮ್‌ನಲ್ಲಿ ಅಂಗಡಿ ತೆರೆಯಿರಿ

ಸರ್ಕಾರಿ ಇ-ಮಾರುಕಟ್ಟೆ ಜೆಮ್ 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಈಗ ಕೇಂದ್ರದ ಸಾಮಾನ್ಯ ಖರೀದಿ ಬಹುತೇಕ ಇಲ್ಲೇ ನಡೆಯುತ್ತದೆ. ಸಣ್ಣ ಮೊತ್ತಕ್ಕೆ ನೇರ ಖರೀದಿ, ದೊಡ್ಡ ಮೊತ್ತಕ್ಕೆ ಬಿಡ್ ಅಥವಾ ರಿವರ್ಸ್ ಆಕ್ಷನ್, ಅಂದರೆ ಮಾರುವವರು ಪೈಪೋಟಿಯಲ್ಲಿ ದರ ಇಳಿಸುತ್ತಾ ಹೋಗುವ ಹರಾಜು.

ನೋಂದಣಿ ಮಾಡುವಾಗ ಉದ್ಯಮ್ ನಂಬರನ್ನು ಹಾಕಿ ಪರಿಶೀಲನೆ ಮುಗಿಸಿ. ಪ್ರೊಫೈಲ್‌ನಲ್ಲಿ ನೀವು ಕಿರು ಅಥವಾ ಸಣ್ಣ ಉದ್ಯಮ ಅಂತ ಕಾಣಬೇಕು. ಆದರೆ ಅಷ್ಟು ಸಾಲದು. ಪ್ರತಿ ಸರಕಿಗೂ ನೀವು ಅದರ ತಯಾರಕರೋ, ಮರುಮಾರಾಟಗಾರರೋ ಅಂತ ಜೆಮ್ ಕೇಳುತ್ತದೆ. ಬೆಲೆ ಆದ್ಯತೆ ಸಿಗೋದು ತಯಾರಕರಿಗೆ. ನಿಮ್ಮದೇ ಸರಕನ್ನು ಅವಸರದಲ್ಲಿ ಮರುಮಾರಾಟದ ಲೆಕ್ಕಕ್ಕೆ ಹಾಕಿಬಿಟ್ಟರೆ ಆ ಬಿಡ್‌ನಲ್ಲಿ ನೀವು ಸಾಮಾನ್ಯ ಮಾರಾಟಗಾರರ ಸಾಲಿಗೆ ಸೇರುತ್ತೀರಿ.

ಹಂತ 4: ಬಿಡ್ ದಾಖಲೆಯಲ್ಲಿ ಮೂರು ಸಾಲು ಹುಡುಕಿ

ಬಿಡ್ ದಾಖಲೆ ಎಷ್ಟೇ ಪುಟ ಇರಲಿ, ನಾನು ಮೊದಲು ಹುಡುಕುವುದು ಮೂರು ಸಾಲು.

ಮೊದಲನೆಯದು ಅನುಭವ ಮತ್ತು ವಹಿವಾಟಿನ ವಿನಾಯಿತಿ. "ಮೂರು ವರ್ಷ ಇದೇ ಸರಕು ಪೂರೈಸಿರಬೇಕು" ಅಂತ ಷರತ್ತಿದ್ದರೆ ಹೊಸಬರು ಹೆದರಿ ಬಿಟ್ಟುಬಿಡುತ್ತಾರೆ. ಸಣ್ಣ ಉದ್ಯಮಕ್ಕೆ ಇದನ್ನು ಸಡಿಲಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಗುಣಮಟ್ಟ, ತಾಂತ್ರಿಕ ವಿವರದಲ್ಲಿ ರಿಯಾಯಿತಿ ಇಲ್ಲ, ಸಡಿಲಿಸುವ ತೀರ್ಮಾನವೂ ಕೊಳ್ಳುವವರದು. ದಾಖಲೆಯಲ್ಲಿ ಈ ಸಾಲಿನ ಮುಂದೆ 'ಹೌದು' ಇದ್ದರೆ ಧೈರ್ಯವಾಗಿ ಹಾಕಿ. 'ಇಲ್ಲ' ಅಂತಿದ್ದರೆ ಪ್ರೀ-ಬಿಡ್ ಸಭೆಯಲ್ಲಿ ಯಾಕೆ ಅಂತ ಕೇಳಿ.

ಎರಡನೆಯದು ಇಎಂಡಿ. ಅಂದಾಜು ಮೊತ್ತದ ಶೇ 2ರಿಂದ 5ರವರೆಗೆ ಕಟ್ಟಬೇಕಾದ ಠೇವಣಿ ಇದು. ಕಿರು, ಸಣ್ಣ ಉದ್ಯಮಕ್ಕೆ ವಿನಾಯಿತಿ ಇದೆ. ಟೆಂಡರ್ ಫಾರಂ ಕೂಡ ಪುಕ್ಕಟೆ. ವಿನಾಯಿತಿ ಬೇಕು ಅಂತ ಆಯ್ಕೆ ಮಾಡಿ, ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ. ಆದರೆ ಆರ್ಡರ್ ಸಿಕ್ಕ ಮೇಲೆ, ಸರಕು ಸರಿಯಾಗಿ ಪೂರೈಸುತ್ತೇವೆ ಅನ್ನೋದಕ್ಕೆ ಭದ್ರತೆಯಾಗಿ ಕೊಡಬೇಕಾದ ಪರ್ಫಾರ್ಮೆನ್ಸ್ ಸೆಕ್ಯುರಿಟಿ ಬೇರೆ. ಅದಕ್ಕೆ ಈ ವಿನಾಯಿತಿ ಇಲ್ಲ. ಅದನ್ನು ಬ್ಯಾಂಕ್ ಗ್ಯಾರಂಟಿಯಾಗಿ ಕೊಡುವುದಾದರೆ ಎಷ್ಟು ಮಾರ್ಜಿನ್ ಹಣ ಕಟ್ಟಬೇಕು ಅಂತ ಬ್ಯಾಂಕ್ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಆರ್ಡರ್ ಕೈಗೆ ಬಂದು, ಗ್ಯಾರಂಟಿ ಹೊಂದಿಸಲಾಗದೆ ಬಿಟ್ಟುಕೊಡುವ ಸಂಕಟ ಬೇಡ.

ಮೂರನೆಯದು ಖರೀದಿ ಆದ್ಯತೆ. ಜೆಮ್ ಬಿಡ್‌ನಲ್ಲಿ ಇದರ ಮುಂದೆ ಶೇಕಡಾವಾರು ಸಮೇತ ಬರೆದಿರುತ್ತದೆ. ಇದು ಲೆಕ್ಕ ಹಾಕಿಯೇ ತಿಳಿಯಬೇಕಾದ ವಿಷಯ.

ಹಂತ 5: ಶೇ 15ರ ಲೆಕ್ಕ, ಬಿಡ್ ಹಾಕುವ ಮೊದಲು

ಒಂದು ಸಾರ್ವಜನಿಕ ಉದ್ಯಮಕ್ಕೆ ಮೆಷಿನ್ ಕವರ್ 400 ಬೇಕು ಅಂದುಕೊಳ್ಳಿ. ದೊಡ್ಡ ಕಂಪನಿಯೊಂದು ಒಂದಕ್ಕೆ 1,000 ರೂಪಾಯಿ ಹಾಕಿ ಎಲ್-1 ಆಗಿದೆ, ಅಂದರೆ ಎಲ್ಲರಿಗಿಂತ ಕಡಿಮೆ. ನೀವು 1,120 ಹಾಕಿದ್ದೀರಿ. ಎಲ್-1 ದರದ ಮೇಲೆ ಶೇ 15 ಸೇರಿಸಿದರೆ 1,150. ನೀವು ಅದರೊಳಗಿದ್ದೀರಿ. ಹಾಗಾಗಿ ನಿಮ್ಮನ್ನು ಕೇಳುತ್ತಾರೆ: 1,000 ರೂಪಾಯಿಗೆ ಕೊಡ್ತೀರಾ? ಒಪ್ಪಿದರೆ ಒಟ್ಟು ಮೊತ್ತದ ಕನಿಷ್ಠ ಕಾಲು ಭಾಗ, ಅಂದರೆ 100 ಕವರ್‌ಗಳ ಆರ್ಡರ್ ನಿಮಗೆ. ಆ ಶೇ 15ರೊಳಗೆ ಇನ್ನೊಂದು ಸಣ್ಣ ಉದ್ಯಮವೂ ಇದ್ದು, ಅವರೂ ಒಪ್ಪಿದರೆ ಆ 100ನ್ನು ಹಂಚುತ್ತಾರೆ. ನೀವು 1,160 ಹಾಕಿದ್ದರೆ ಯಾರೂ ಕೇಳುವುದಿಲ್ಲ. ಭಾಗ ಮಾಡಲಾಗದ ಸರಕಾದರೆ ಪೂರ್ತಿ ಆರ್ಡರನ್ನೇ ಸಣ್ಣ ಉದ್ಯಮಕ್ಕೆ ಕೊಡಲು ಅವಕಾಶವಿದೆ. ಇನ್ನು, ಎಲ್-1 ಆದವರೇ ಸಣ್ಣ ಉದ್ಯಮದವರಾಗಿದ್ದರೆ ಈ ಆದ್ಯತೆಯ ಮಾತೇ ಬರುವುದಿಲ್ಲ, ಆರ್ಡರ್ ಅವರದು.

ಗಮನಿಸಿದಿರಾ? ನಿಮಗೆ ಸಿಗುವುದು ನಿಮ್ಮ ದರ ಅಲ್ಲ, ಎಲ್-1 ದರ. ಎಷ್ಟೋ ಜನ ಶೇ 15 ಜಾಸ್ತಿ ದುಡ್ಡು ಸಿಗುತ್ತದೆ ಅಂತಲೇ ತಿಳಿದಿದ್ದಾರೆ. ಹಾಗಲ್ಲ. ಇಲ್ಲಿ ಸಿಗೋದು ಇನ್ನೊಂದು ಅವಕಾಶ ಅಷ್ಟೇ.

ಅದಕ್ಕೇ ಬಿಡ್ ಹಾಕುವ ಹಿಂದಿನ ರಾತ್ರಿ ನಾನು ಎರಡು ಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ. ಒಂದು ಹಾಕುವ ದರ. ಇನ್ನೊಂದು ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನೋ ದರ. ತಗಡಿನ ತೂಕ, ಕಟಿಂಗ್‌ನಲ್ಲಿ ಹೋಗುವ ಸ್ಕ್ರ್ಯಾಪ್, ವೆಲ್ಡಿಂಗ್ ಗ್ಯಾಸು, ಪೌಡರ್ ಕೋಟಿಂಗ್, ಲಾರಿ ಬಾಡಿಗೆ, ಕೂಲಿ, ದುಡ್ಡು ತಡವಾದರೆ ಕಟ್ಟುವ ಬಡ್ಡಿ, ಎಲ್ಲ ಸೇರಿಸಿ ತೆಗೆದ ಸಂಖ್ಯೆ ಅದು. ಜೊತೆಗೆ 400ಕ್ಕೆ ಹಾಕಿದ ಲೆಕ್ಕ 100ಕ್ಕೆ ಕೂರುತ್ತದಾ ಅಂತಲೂ ನೋಡಬೇಕು. ಡೈ ಖರ್ಚು 400ರ ಮೇಲೆ ಹಂಚಿದ್ದರೆ 100ರ ಮೇಲೆ ಅದು ನಾಲ್ಕು ಪಟ್ಟು ಭಾರ. ಕೇಳುವ ದಿನ ಉತ್ತರ ಕೊಡೋಕೆ ಸಮಯ ಕಡಿಮೆ ಇರುತ್ತದೆ. ಆಗ ಕೂತು ಲೆಕ್ಕ ಹಾಕುವವರು ಒಂದೋ ನಷ್ಟಕ್ಕೆ ಒಪ್ಪುತ್ತಾರೆ, ಇಲ್ಲವೋ ಒಳ್ಳೆ ಆರ್ಡರ್ ಕೈಬಿಡುತ್ತಾರೆ.

ದೇಶೀ ಸರಕಿನ ಆದ್ಯತೆ ಬೇರೆ

ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ಉದ್ಯಮದ ಗಾತ್ರ ನೋಡುವುದಿಲ್ಲ, ಸರಕಿನಲ್ಲಿ ದೇಶದೊಳಗೆ ಆದ ಮೌಲ್ಯ ಎಷ್ಟು ಅಂತ ನೋಡುತ್ತದೆ. 2020ರ ಪರಿಷ್ಕರಣೆ ಪ್ರಕಾರ ಸಾಮಾನ್ಯವಾಗಿ ಶೇ 50 ಅಥವಾ ಜಾಸ್ತಿ ಇದ್ದರೆ ಮೊದಲ ದರ್ಜೆ ಸ್ಥಳೀಯ ಪೂರೈಕೆದಾರ, 20ರಿಂದ 50ರೊಳಗಿದ್ದರೆ ಎರಡನೇ ದರ್ಜೆ. ಆದ್ಯತೆ ಮೊದಲ ದರ್ಜೆಗೆ. ಇಲ್ಲಿ 'ಸ್ಥಳೀಯ' ಅಂದರೆ ಭಾರತದ್ದು ಅಂತ ಅರ್ಥ, ನಿಮ್ಮ ಊರಿನದು ಅಂತಲ್ಲ. 10 ಕೋಟಿ ರೂಪಾಯಿವರೆಗಿನ ಖರೀದಿಗೆ ನೀವೇ ಸ್ವಯಂ ಘೋಷಣೆ ಕೊಡಬಹುದು. ಕೇಳಿದರೆ ತೋರಿಸೋಕೆ ಕಚ್ಚಾ ಮಾಲಿನ ಬಿಲ್‌ಗಳನ್ನು ಒಂದು ಫೈಲ್‌ನಲ್ಲಿ ಇಟ್ಟಿರಿ. ಸುಳ್ಳು ಘೋಷಣೆಗೆ ಕಪ್ಪುಪಟ್ಟಿ ಸೇರುವ ಶಿಕ್ಷೆ ಇದೆ.

ರಾಜ್ಯದ ಟೆಂಡರ್‌ಗೆ ರಾಜ್ಯದ ನಿಯಮ

2012ರ ಕೇಂದ್ರ ಆದೇಶ ರಾಜ್ಯದ ಇಲಾಖೆ, ನಿಗಮ, ಪಾಲಿಕೆಗಳನ್ನು ಕಟ್ಟಿಹಾಕುವುದಿಲ್ಲ. ಕರ್ನಾಟಕದಲ್ಲಿ ಇವುಗಳ ಖರೀದಿ 1999ರ ಕೆಟಿಪಿಪಿ ಕಾಯ್ದೆಯಂತೆ, ಅಂದರೆ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ರಾಜ್ಯದ ಕಾಯ್ದೆಯಂತೆ ನಡೆಯುತ್ತದೆ. ಟೆಂಡರ್‌ಗಳು ರಾಜ್ಯದ ಖರೀದಿ ವೆಬ್‌ಸೈಟ್ ಆದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತವೆ. ಅಲ್ಲಿ ಬಿಡ್ ಹಾಕೋಕೆ ಡಿಜಿಟಲ್ ಸಹಿ ಬೇಕು, ಅದರ ಅವಧಿ ಮುಗಿದಿದೆಯಾ ಅಂತ ವಾರ ಮೊದಲೇ ನೋಡಿಕೊಳ್ಳಿ. ಕೇಂದ್ರದ ನಿಯಮ ನಂಬಿಕೊಂಡು ಇಲ್ಲಿ ಇಎಂಡಿ ಕಟ್ಟದೆ ಇರಬೇಡಿ. ಆ ಟೆಂಡರ್ ದಾಖಲೆಯಲ್ಲಿ ವಿನಾಯಿತಿ ಅಂತ ಬರೆದಿದ್ದರೆ ಮಾತ್ರ ವಿನಾಯಿತಿ. ಬರೆದಿಲ್ಲದಿದ್ದರೆ ಗಡುವಿನೊಳಗೆ ಬರವಣಿಗೆಯಲ್ಲಿ ಕೇಳಿ, ಉತ್ತರ ಬರದಿದ್ದರೆ ಕಟ್ಟಿಬಿಡಿ.

ಹಂತ 6: ಬಿಡ್ ಬಿದ್ದರೆ ಸುಮ್ನೆ ಕೂರಬೇಡಿ

ತಾಂತ್ರಿಕ ಹಂತದಲ್ಲಿ ತಿರಸ್ಕರಿಸಿದರೆ ಜೆಮ್‌ನಲ್ಲಿ ಕಾರಣ ಕಾಣುತ್ತದೆ, ಅದನ್ನು ಪ್ರಶ್ನಿಸಲು ಅವಕಾಶವೂ ಇದೆ. ಗಡುವು ತುಂಬಾ ಚಿಕ್ಕದು. ಬಿಡ್ ಹಾಕಿದ ಮೇಲೆ ದಿನಕ್ಕೊಮ್ಮೆಯಾದರೂ ಲಾಗಿನ್ ಆಗಿ ನೋಡಿ. ಪತ್ರ ಉದ್ದ ಬೇಡ. ಬಿಡ್ ನಂಬರ್, ತಿರಸ್ಕಾರದ ಕಾರಣ, ಅದಕ್ಕೆ ಉತ್ತರವಾಗುವ ಷರತ್ತಿನ ಸಂಖ್ಯೆ, ಲಗತ್ತಿಸಿದ ದಾಖಲೆಯ ಪುಟ ಸಂಖ್ಯೆ. ಇಷ್ಟು ನಾಲ್ಕು ಸಾಲಿನಲ್ಲಿ ಬರಲಿ. ಕೋಪ ಎಷ್ಟೇ ಇರಲಿ, ಪತ್ರದಲ್ಲಿ ಬೇಡ. ಅದನ್ನು ಓದುವವರು ನಾಳೆಯೂ ನಿಮ್ಮ ಕೊಳ್ಳುಗರೇ ಅಲ್ವಾ.

ಹಂತ 7: ದುಡ್ಡು ಕೈಗೆ ಬರುವ ತನಕ

ಸಣ್ಣ ವರ್ಕ್‌ಶಾಪ್‌ಗಳು ಮುಳುಗುವುದು ಆರ್ಡರ್ ಸಿಗದೆ ಅಲ್ಲ, ಸಿಕ್ಕ ಆರ್ಡರಿನ ದುಡ್ಡು ಬರದೆ. ಅಕ್ಕಪಕ್ಕದ ಶೆಡ್‌ಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಶನಿವಾರ ಬಟವಾಡೆ ಕೊಡಲಾಗದೆ ಮಾಲೀಕರು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿದವರಿಗೆ ಇದು ಅಂಕಿಯ ವಿಷಯವಾಗಿ ಉಳಿಯುವುದಿಲ್ಲ.

ಎಂಎಸ್‌ಎಂಇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಬರವಣಿಗೆಯಲ್ಲಿ ಒಪ್ಪಂದ ಇದ್ದರೂ ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಲೆಕ್ಕದಲ್ಲಿ. ಆಗಲೂ ಕೊಡದಿದ್ದರೆ, ಇಂಥ ಬಾಕಿ ತಕರಾರು ತೀರ್ಮಾನಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಸರ್ಕಾರದ ಪೋರ್ಟಲ್ ಮೂಲಕ ದೂರು ಕೊಡಬಹುದು. ಕೌನ್ಸಿಲ್‌ನ ತೀರ್ಪನ್ನು ಕೊಳ್ಳುಗರು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊದಲು ತೀರ್ಪಿನ ಮೊತ್ತದ ಶೇ 75 ಠೇವಣಿ ಇಡಬೇಕು.

ದೂರಿಗೆ ಮೊದಲು ಇನ್ನೊಂದು ದಾರಿ ನೋಡಿ. ಕೊಳ್ಳುಗರು ಟ್ರೆಡ್ಸ್ ವೇದಿಕೆಯಲ್ಲಿದ್ದರೆ, ಅವರು ಒಪ್ಪಿದ ಬಿಲ್ಲನ್ನು ಅಲ್ಲಿ ಬ್ಯಾಂಕ್‌ಗಳಿಗೆ ಬಡ್ಡಿ ಕಳೆದು ಕೊಟ್ಟು ಬೇಗ ದುಡ್ಡು ಪಡೆಯಬಹುದು. ಸ್ವಲ್ಪ ಕಡಿಮೆ ಸಿಗುತ್ತದೆ, ಆದರೆ ಸಂಬಂಧ ಕೆಡುವುದಿಲ್ಲ.

ಈ 45 ದಿನದ ಎಣಿಕೆ ಶುರುವಾಗುವುದು ಒಂದು ಸಣ್ಣ ಕಾಗದದಿಂದ, ಡೆಲಿವರಿ ಚಲನ್. ಸರಕು ಇಳಿಸಿದ ದಿನವೇ ಸ್ಟೋರ್‌ನವರ ಹತ್ತಿರ ಸೀಲು, ಸಹಿ, ತಾರೀಖು ಮೂರನ್ನೂ ಹಾಕಿಸಿಕೊಳ್ಳಿ. ಸರಕು ಕೊಟ್ಟ 15 ದಿನದೊಳಗೆ ಅವರು ಬರವಣಿಗೆಯಲ್ಲಿ ಆಕ್ಷೇಪಣೆ ಕೊಡದಿದ್ದರೆ, ಕೊಟ್ಟ ದಿನವೇ ಒಪ್ಪಿಕೊಂಡಂತೆ ಕಾನೂನಿನ ಲೆಕ್ಕ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ. ನಮ್ಮ ಡ್ರೈವರ್‌ಗೆ ನಾನು ಪ್ರತಿ ಸಲ ಹೇಳೋದು ಒಂದೇ: "ತಾರೀಖು ಹಾಕಿಸದೆ ಗೇಟ್ ದಾಟಬೇಡಪ್ಪ. ಕಾಯಬೇಕಾದರೆ ಕಾಯಿ, ಊಟದ ದುಡ್ಡು ನಾನು ಕೊಡ್ತೀನಿ."